ಮನೆ ಕೊಳ್ಳುವ ಮುನ್ನ, ಮನೆ ಮಾರುವ ಮುನ್ನ

'ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು' ಎಂದರು ಹಿರಿಯರು. ಇಂದು ಬೇಳ, ಕಯ್ಯಾರು, ವರ್ಕಾಡಿ, ನಾರಂಪಾಡಿ, ಕುಂಬಳೆ ಕಡೆಯ ನಮ್ಮ ಕುಟುಂಬಗಳನ್ನು ಕೇಳಿದರೆ 'ಮನೆ ಮಾರಿ ನೋಡು' ಎಂಬ ಮೂರನೆಯ ಮಾತನ್ನೂ ಸೇರಿಸಿಯಾರು. ಮಕ್ಕಳು ಗಲ್ಫಿನಲ್ಲಿ, ಮುಂಬಯಿಯಲ್ಲಿ, ಬೆಂಗಳೂರಿನಲ್ಲಿ. ಊರಿನ ಹಿರಿಯರ ಮನೆಯಲ್ಲಿ ವಯಸ್ಸಾದ ತಾಯಿ ಒಬ್ಬರೇ. ಒಂದು ದಿನ ಮಾರುವ ಮಾತು ಬರುತ್ತದೆ. ಗಿರಾಕಿ ಸಿಗುತ್ತಾನೆ, ಬೆಲೆಯೂ ಕುದುರುತ್ತದೆ. ಆದರೆ ಕಾಗದ ಬಿಚ್ಚಿದಾಗ ಜಾಗ ಇನ್ನೂ ಅಜ್ಜನ ಹೆಸರಿನಲ್ಲೇ ಇರುತ್ತದೆ. ಅಲ್ಲಿಂದ ಶುರುವಾಗುವ ಮನಸ್ತಾಪ ಎಷ್ಟೋ ಮನೆಗಳಲ್ಲಿ ಅಣ್ಣ ತಂಗಿಯರ ಮಾತನ್ನೇ ನಿಲ್ಲಿಸಿದೆ.

ಕೊಳ್ಳುವವರ ಕಷ್ಟವೂ ಕಡಿಮೆಯಲ್ಲ. ಇಪ್ಪತ್ತು ವರ್ಷ ಹೊರದೇಶದಲ್ಲಿ ದುಡಿದ ಹಣವನ್ನು ಒಂದೇ ಸಹಿಯಲ್ಲಿ ಕೊಟ್ಟುಬಿಡುತ್ತೇವೆ. ಸೀರೆ ಕೊಳ್ಳುವಾಗ ಸೆರಗು ಬಿಚ್ಚಿ ನೋಡುವ ನಾವು ಮನೆ ಕೊಳ್ಳುವಾಗ ಪೂರ್ವಾಧಾರ ಬಿಚ್ಚಿ ನೋಡುವುದಿಲ್ಲ. ಕೊಳ್ಳುವ ಮತ್ತು ಮಾರುವ ಇಬ್ಬರಿಗೂ ಉಪಯೋಗವಾಗಲೆಂದು ಕೆಲವು ವಿಷಯಗಳನ್ನು ಇಲ್ಲಿ ಬರೆಯುತ್ತಿದ್ದೇವೆ. ಇಬ್ಬರೂ ನೆನಪಿಡಬೇಕಾದ ಸೂತ್ರ ಒಂದೇ: ಮೊದಲು ಹಕ್ಕುದಾರರ ಒಪ್ಪಿಗೆ, ಆಮೇಲೆ ಕಾಗದ, ಕೊನೆಗೆ ಹಣ. ಈ ಕ್ರಮ ತಪ್ಪಿದಲ್ಲೇ ಹೆಚ್ಚಿನ ತಕರಾರುಗಳು ಹುಟ್ಟುತ್ತವೆ.

ಯಾರಿಗೆ ಎಷ್ಟು ಪಾಲು?

ಕ್ರೈಸ್ತರಾದ ನಮಗೆ ಅನ್ವಯಿಸುವುದು 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆ. ತಿರುವಾಂಕೂರಿನ ಕ್ರೈಸ್ತ ಹೆಣ್ಣುಮಕ್ಕಳು 1916ರ ಬೇರೊಂದು ಕಾಯ್ದೆಯಿಂದಾಗಿ ಸಮಪಾಲು ಇಲ್ಲದೆ ಇದ್ದರು. ಮೇರಿ ರಾಯ್ ಅವರು ಹೂಡಿದ ಮೊಕದ್ದಮೆಯಲ್ಲಿ 1986ರಲ್ಲಿ ಸುಪ್ರೀಂ ಕೋರ್ಟು ಕೊಟ್ಟ ತೀರ್ಪಿನಿಂದ ಅವರಿಗೂ ಹಕ್ಕು ಸಿಕ್ಕಿತು. ನಮ್ಮ ಕಾಸರಗೋಡು 1956ರ ತನಕ ಮದರಾಸು ಆಡಳಿತದ ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿತ್ತು. ಆದ್ದರಿಂದ ಇಲ್ಲಿನ ಹೆಣ್ಣುಮಕ್ಕಳಿಗೆ ಆ ತಿರುವಾಂಕೂರು ಕಾಯ್ದೆಯ ತಡೆ ಇರಲೇ ಇಲ್ಲ.

ಕಾಯ್ದೆಯ ಲೆಕ್ಕ ಸರಳ. ತಂದೆ ಮರಣಶಾಸನ ಬರೆಯದೆ ತೀರಿಕೊಂಡರೆ ಅವರ ಆಸ್ತಿಯಲ್ಲಿ ಮೂರನೇ ಒಂದು ಪಾಲು ಹೆಂಡತಿಗೆ. ಉಳಿದ ಎರಡು ಪಾಲು ಎಲ್ಲ ಮಕ್ಕಳಿಗೆ ಸಮನಾಗಿ. ಗಂಡು ಹೆಣ್ಣು ಎಂಬ ಭೇದವಿಲ್ಲ. 30 ಸೆಂಟ್ಸ್ ಜಾಗ, ತಾಯಿ ಮತ್ತು ನಾಲ್ವರು ಮಕ್ಕಳು ಎಂದಿಟ್ಟುಕೊಳ್ಳಿ. ತಾಯಿಗೆ 10 ಸೆಂಟ್ಸ್, ಮಕ್ಕಳಿಗೆ ತಲಾ 5 ಸೆಂಟ್ಸ್. ಮುಂದೆ ತಾಯಿಯೂ ಮರಣಶಾಸನವಿಲ್ಲದೆ ತೀರಿಕೊಂಡರೆ ಅವರ 10 ಸೆಂಟ್ಸ್ ನಾಲ್ವರಿಗೂ ಹಂಚಿ ತಲಾ ಏಳೂವರೆ ಆಗುತ್ತದೆ. ತಂದೆಯ ನಂತರ ಒಬ್ಬ ಮಗ ತೀರಿಕೊಂಡಿದ್ದರೆ ಅವನ ಪಾಲು ಅವನ ಹೆಂಡತಿ ಮಕ್ಕಳಿಗೆ ಹೋಗುತ್ತದೆ. ಅವರ ಸಹಿಯೂ ಬೇಕು. ಆ ಮಕ್ಕಳು ಹದಿನೆಂಟು ತುಂಬದವರಾದರೆ ನ್ಯಾಯಾಲಯದ ಅನುಮತಿಯಿಲ್ಲದೆ ಅವರ ಪಾಲನ್ನು ಮಾರಲು ಹೋಗಬೇಡಿ.

'ಅವಳಿಗೆ ಮದುವೆಯಲ್ಲಿ ಚಿನ್ನ ಕೊಟ್ಟಾಗಿದೆ, ಇನ್ನೇನು ಪಾಲು?' ಎಂಬ ಮಾತು ನಮ್ಮಲ್ಲಿ ಈಗಲೂ ಕೇಳಿಬರುತ್ತದೆ. ತಂದೆ ಬದುಕಿದ್ದಾಗ ಮಕ್ಕಳಿಗೆ ಕೊಟ್ಟದ್ದನ್ನು ಪಾಲಿನಲ್ಲಿ ಕಳೆಯುವಂತಿಲ್ಲವೆಂದು ಇದೇ ಕಾಯ್ದೆಯ 49ನೇ ಕಲಮು ಹೇಳುತ್ತದೆ. ಧರ್ಮಭಗಿನಿಯಾದ ಅಕ್ಕನ ಅಥವಾ ಗುರುಗಳಾದ ತಮ್ಮನ ಹೆಸರನ್ನು ನಾವೇ ಬಿಟ್ಟುಬಿಡುವುದೂ ಸರಿಯಲ್ಲ. ಅವರು ತಮ್ಮ ಪಾಲನ್ನು ಬಿಟ್ಟುಕೊಡುವುದಾದರೆ ಅದು ಬಾಯಿಮಾತಿನಲ್ಲಿ ಉಳಿಯದೆ ನೋಂದಣಿಯಾದ ಹಕ್ಕುಬಿಡುಗಡೆ ಪತ್ರವಾಗಲಿ. ಮಲಯಾಳದಲ್ಲಿ ಇದನ್ನು 'ಒಳಿಮುರಿ' ಎನ್ನುತ್ತಾರೆ. ಕುಟುಂಬದೊಳಗಿನ ಭಾಗಪತ್ರ, ಒಳಿಮುರಿಗಳಿಗೆ ತಗಲುವ ಮುದ್ರಾಂಕ ಶುಲ್ಕ ಕ್ರಯಪತ್ರಕ್ಕಿಂತ ಎಷ್ಟೋ ಕಡಿಮೆ.

ಆದ್ದರಿಂದ ಮಾರುವವರು ಗಿರಾಕಿ ಹುಡುಕುವ ಮೊದಲು ತಾಲೂಕು ಕಚೇರಿಯಿಂದ ಉತ್ತರಾಧಿಕಾರಿಗಳ ಪ್ರಮಾಣಪತ್ರ ಪಡೆಯಬೇಕು. ಎಲ್ಲರನ್ನೂ ಒಟ್ಟಿಗೆ ಕೂರಿಸಿ, ಬರಲಾಗದವರನ್ನು ಫೋನಿನಲ್ಲಿ ಸೇರಿಸಿ, ಬೆಲೆ ಮತ್ತು ಪಾಲನ್ನು ನಿರ್ಧರಿಸಬೇಕು. ಒಬ್ಬರು ಮುಂಗಡ ತೆಗೆದುಕೊಂಡ ಮೇಲೆ ಉಳಿದವರನ್ನು ಒಪ್ಪಿಸಲು ಓಡಾಡುವುದು ಜಗಳಕ್ಕೆ ನೇರ ದಾರಿ.

ಕಾಗದಗಳ ಸರಪಳಿ

ನಮ್ಮ ಕಡೆ 'ಆಧಾರ' ಎಂದರೆ ನೋಂದಣಿಯಾದ ದಸ್ತಾವೇಜು. ಈಗಿನ ಆಧಾರ ಒಂದೇ ಸಾಲದು. ಅದಕ್ಕಿಂತ ಹಿಂದಿನ ಪೂರ್ವಾಧಾರಗಳೂ ಕೊಂಡಿ ತಪ್ಪದೆ ಇರಬೇಕು. ಹಳೆಯ ಕಾಗದಗಳಲ್ಲಿ ಮೂಲಗೇಣಿ, ಚಾಲಗೇಣಿ ಎಂಬ ಶಬ್ದಗಳು ಸಿಗುತ್ತವೆ. ಕೇರಳ ಭೂಸುಧಾರಣಾ ಕಾಯ್ದೆಯಂತೆ 1970ರ ಜನವರಿ 1ರಿಂದ ಗೇಣಿ ಪದ್ಧತಿ ಕೊನೆಗೊಂಡು ಒಕ್ಕಲುಗಳಿಗೆ ಭೂಮಿಯ ಹಕ್ಕು ಬಂತು. ಲ್ಯಾಂಡ್ ಟ್ರಿಬ್ಯುನಲ್ ಕೊಟ್ಟ ಕ್ರಯ ಸರ್ಟಿಫಿಕೇಟ್ ಅಂಥ ಜಾಗದ ಬುಡ. ಅದು ಕಳೆದುಹೋಗಿದ್ದರೆ ನಕಲಿಗೆ ಇಂದೇ ಅರ್ಜಿ ಹಾಕಿ. ಸರಕಾರ ಪತಿಸಿಕೊಟ್ಟ ಪಟ್ಟಯದ ಜಾಗವಾದರೆ ಅದರ ಷರತ್ತುಗಳನ್ನು ಓದಿ. ಇಂತಿಷ್ಟು ವರ್ಷ ಮಾರಬಾರದು ಎಂಬ ನಿಬಂಧನೆ ಇರಬಹುದು.

ಕೊಳ್ಳುವವರು ಇವಿಷ್ಟನ್ನು ಕೇಳಿ ಪಡೆಯಬೇಕು:

1. ಮೂಲ ಆಧಾರ ಮತ್ತು ಪೂರ್ವಾಧಾರಗಳು. ಜೆರಾಕ್ಸ್ ಪ್ರತಿ ನೋಡಿ ಮುಂಗಡ ಕೊಡಬೇಡಿ. ಮೂಲ ಪ್ರತಿ ಬ್ಯಾಂಕಿನಲ್ಲಿ ಅಡವಿರಬಹುದು.

2. ಸಬ್ ರಿಜಿಸ್ಟ್ರಾರ್ ಕಚೇರಿಯ ಋಣಭಾರ ಪತ್ರ, ಮಲಯಾಳದಲ್ಲಿ ಬಾಧ್ಯತಾ ಸರ್ಟಿಫಿಕೇಟ್. ಕನಿಷ್ಠ 30 ವರ್ಷದ್ದು ಇರಲಿ. ಸಹಕಾರಿ ಬ್ಯಾಂಕಿನ ಸಾಲಕ್ಕೆ ಬರೆದ 'ಗಹನ್' ಇದರಲ್ಲಿ ಕಾಣಬೇಕು. ಆದರೆ ನೋಂದಣಿಯಾಗದ ಕರಾರು, ಬಾಯಿಮಾತಿನ ಸಾಲ ಇದರಲ್ಲಿ ಕಾಣುವುದಿಲ್ಲ.

3. ವಿಲ್ಲೇಜ್ ಆಫೀಸಿನ ಈ ವರ್ಷದ ತೀರುವೆ ರಶೀದಿ, ಕೈವಶ ಪ್ರಮಾಣಪತ್ರ, ಜಾಗದ ನಕ್ಷೆ. ತೀರುವೆ ಕಟ್ಟುವವರ ಹೆಸರೂ ಆಧಾರದಲ್ಲಿರುವ ಹೆಸರೂ ಒಂದೇ ಆಗಿರಬೇಕು.

4. ಪಂಚಾಯತಿನ ಮನೆ ನಂಬರು, ಒಡೆತನದ ಸರ್ಟಿಫಿಕೇಟ್, ಮನೆ ತೆರಿಗೆ ರಶೀದಿ, ಮಂಜೂರಾದ ಪ್ಲಾನ್. ಆಮೇಲೆ ಕಟ್ಟಿದ ಮೇಲಿನ ಮಾಳಿಗೆ ಪ್ಲಾನಿನಲ್ಲಿ ಇದೆಯೇ ನೋಡಿ.

ಹೆಸರಿನ ತೊಡಕು ನಮ್ಮವರಿಗೆ ವಿಶೇಷ. ಜ್ಞಾನಸ್ನಾನದಲ್ಲಿ ಇಗ್ನೇಷಿಯಸ್, ಆಧಾರದಲ್ಲಿ ಇನಾಸ್, ಮತದಾರರ ಪಟ್ಟಿಯಲ್ಲಿ ಇನ್ನೊಂದು. ಡಿಸೋಜ, ಡಿಸೋಜಾ, ಸೋಜ ಎಂಬ ಮೂರು ಬರವಣಿಗೆಗಳೂ ಒಂದೇ ಮನೆಯ ಕಾಗದಗಳಲ್ಲಿ ಸಿಗುವುದುಂಟು. ಇಬ್ಬರೂ ಒಬ್ಬರೇ ಎಂಬ ಸರ್ಟಿಫಿಕೇಟನ್ನು ವಿಲ್ಲೇಜ್ ಆಫೀಸಿನಲ್ಲಿ ಕೇಳುವಾಗ ಚರ್ಚಿನ ಜ್ಞಾನಸ್ನಾನ, ಮದುವೆ, ಮರಣ ದಾಖಲೆಗಳ ಪ್ರತಿಗಳು ನೆರವಿಗೆ ಬರುತ್ತವೆ. ಇದನ್ನು ನೋಂದಣಿಯ ಹಿಂದಿನ ದಿನಕ್ಕೆ ಉಳಿಸಬೇಡಿ.

ಸೆಂಟ್ಸ್ ಮತ್ತು ಆರ್

ನಾವು ಮಾತಾಡುವುದು ಸೆಂಟ್ಸಿನಲ್ಲಿ, ಕಾಗದದಲ್ಲಿ ಬರೆಯುವುದು ಆರ್‌ನಲ್ಲಿ. 1 ಸೆಂಟ್ಸ್ ಎಂದರೆ 435.6 ಚದರಡಿ. 1 ಆರ್ ಎಂದರೆ ಸುಮಾರು 2.47 ಸೆಂಟ್ಸ್. 10 ಸೆಂಟ್ಸ್ ಜಾಗ ಆಧಾರದಲ್ಲಿ 4.05 ಆರ್ ಆಗಬೇಕು. ರೀಸರ್ವೆ ಆದ ಗ್ರಾಮಗಳಲ್ಲಿ ಹಳೆ ನಂಬರು, ಹೊಸ ನಂಬರು ಎರಡನ್ನೂ ಹೊಂದಿಸಿ ನೋಡಬೇಕು. ಮುಂಗಡ ಕೊಡುವ ಮೊದಲು ಸರ್ವೇಯರರಿಂದ ಅಳತೆ ಮಾಡಿಸಿ, ನೆರೆಮನೆಯವರನ್ನು ಕರೆದು ಗಡಿಕಲ್ಲು ತೋರಿಸಿಕೊಳ್ಳಿ. ಅಳೆದಾಗ ಸಿಕ್ಕಿದ ಸೆಂಟ್ಸಿಗೆ ಮಾತ್ರ ಹಣ ಎಂದು ಕರಾರಿನಲ್ಲಿ ಬರೆಯಿರಿ.

ಕೇರಳದಲ್ಲಿ 2022ರ ನವೆಂಬರಿನಲ್ಲಿ ಡಿಜಿಟಲ್ ರೀಸರ್ವೆ ಆರಂಭವಾಯಿತು. ನೋಂದಣಿ, ಕಂದಾಯ, ಸರ್ವೆ ಮೂರನ್ನೂ ಒಂದಾಗಿಸುವ 'ಎಂಟೆ ಭೂಮಿ' ವ್ಯವಸ್ಥೆ 2024ರ ಅಕ್ಟೋಬರಿನಲ್ಲಿ ಮೊದಲು ಜಾರಿಗೆ ಬಂದದ್ದು ನಮ್ಮದೇ ಜಿಲ್ಲೆಯ ಉಜಾರುಳುವಾರು ಗ್ರಾಮದಲ್ಲಿ. ನಿಮ್ಮ ಗ್ರಾಮಕ್ಕೆ ಸರ್ವೆಯವರು ಬಂದಾಗ ಜಾಗದ ಒಡೆಯರು ಅಥವಾ ಅವರ ಪರವಾಗಿ ಒಬ್ಬರು ಕಾಗದ ಹಿಡಿದು ಅಲ್ಲಿರಬೇಕು. ಬೀಗ ಹಾಕಿದ ಮನೆಗಳ ಗಡಿ ತಪ್ಪಾಗಿ ದಾಖಲಾದರೆ ಸರಿಪಡಿಸಲು ಬಹಳ ಅಲೆದಾಟ.

ಗದ್ದೆಯೋ ಹಿತ್ತಿಲೋ?

ಕಣ್ಣಿಗೆ ತೆಂಗಿನ ತೋಟ, ದಾಖಲೆಯಲ್ಲಿ 'ನಿಲಂ', ಅಂದರೆ ಗದ್ದೆ. ಹೀಗಿರುವ ಜಾಗಗಳು ನಮ್ಮ ಬೈಲುಗಳಲ್ಲಿ ಬಹಳ. 2008ರ ಕೇರಳ ಭತ್ತದ ಗದ್ದೆ ಮತ್ತು ಜೌಗು ಪ್ರದೇಶ ಸಂರಕ್ಷಣಾ ಕಾಯ್ದೆಯ ನಂತರ ಇಂಥ ಜಾಗದಲ್ಲಿ ಮನೆಗೆ ಪರವಾನಗಿ ಸುಲಭವಲ್ಲ. ಜಾಗ 'ಡೇಟಾ ಬ್ಯಾಂಕ್' ಎಂಬ ಪಟ್ಟಿಯಲ್ಲಿದ್ದರೆ ಅದರಿಂದ ತೆಗೆಸಲು ಫಾರಂ 5, ಪಟ್ಟಿಯಲ್ಲಿ ಇಲ್ಲದೆ ದಾಖಲೆಯಲ್ಲಿ ಮಾತ್ರ ನಿಲಂ ಎಂದಿದ್ದರೆ ಬೇರೆ ಫಾರಂ. ತೀರ್ಮಾನ ಕಂದಾಯ ಅಧಿಕಾರಿಗಳದ್ದು. 'ಕೊಂಡ ಮೇಲೆ ಬದಲಾಯಿಸಿಕೊಳ್ಳಬಹುದು' ಎಂಬ ದಲ್ಲಾಳಿಯ ಮಾತನ್ನು ನಂಬಿ ಹಣ ಕೊಡಬೇಡಿ. ಬದಲಾವಣೆಯಾದ ಆದೇಶವನ್ನು ಮಾರುವವರೇ ತಂದುಕೊಡಲಿ.

ಕಡಲು, ಹೊಳೆ ಬದಿಯ ಜಾಗಕ್ಕೆ ಕರಾವಳಿ ನಿಯಂತ್ರಣ ವಲಯದ ನಿಬಂಧನೆಗಳಿವೆ. ರಾಷ್ಟ್ರೀಯ ಹೆದ್ದಾರಿ 66ರ ಬದಿಯಾದರೆ ಆರು ಪಥಕ್ಕೆ ಬಿಟ್ಟುಕೊಟ್ಟ ಮೇಲೆ ಉಳಿದ ಜಾಗವೆಷ್ಟು, ಸರ್ವಿಸ್ ರಸ್ತೆಗೆ ಪ್ರವೇಶವಿದೆಯೇ ಎಂಬುದನ್ನು ಹಳೆಯ ಆಧಾರ ಹೇಳುವುದಿಲ್ಲ. ಸ್ಥಳಕ್ಕೆ ಹೋಗಿ ನೋಡಬೇಕು.

ಬೇಸಿಗೆಯಲ್ಲಿ ಬಾವಿ, ಮಳೆಗಾಲದಲ್ಲಿ ಮಾಡು

ಒಂದೇ ಬಾರಿ ನೋಡಿ ಮನೆ ಕೊಳ್ಳಬೇಡಿ. ಬಾವಿಯನ್ನು ಏಪ್ರಿಲ್, ಮೇ ತಿಂಗಳಲ್ಲಿ ನೋಡಬೇಕು, ಮಾಡನ್ನು ಜುಲೈಯಲ್ಲಿ. ಕರಾವಳಿಯಲ್ಲಿ ಬೇಸಿಗೆಯ ನೀರು ಉಪ್ಪಾಗುವುದೇ ಎಂದು ನೆರೆಯವರನ್ನು ಕೇಳಿ. ಗುಡ್ಡದ ಬದಿಯಲ್ಲಿ ನೀರಿಗೆ ಸುರಂಗವೇ ಗತಿಯಾದರೆ ಅದು ಯಾರ ಜಾಗದಿಂದ ಬರುತ್ತದೆ, ನೀರಿನ ಹಕ್ಕು ಆಧಾರದಲ್ಲಿ ಇದೆಯೇ ಎಂದು ನೋಡಿ. ಇಂದು ಸ್ನೇಹದಿಂದ ನೀರು ಬಿಡುವ ನೆರೆಯವರು ನಾಳೆ ಜಾಗ ಮಾರಿಯಾರು.

ದಾರಿಯ ವಿಷಯವೂ ಹಾಗೆಯೇ. 'ವಾಹನ ಬರುತ್ತದೆ' ಎನ್ನುವುದು ಬೇರೆ, 'ವಾಹನ ಬರುವ ಹಕ್ಕಿದೆ' ಎನ್ನುವುದು ಬೇರೆ. ದಾರಿ ಎಷ್ಟು ಅಡಿ ಅಗಲ, ಯಾರ ಸರ್ವೆ ನಂಬರಿನಲ್ಲಿದೆ ಎಂಬುದು ಆಧಾರದ ಷೆಡ್ಯೂಲಿನಲ್ಲಿ ಇರಬೇಕು. ಕೆಂಪುಕಲ್ಲಿನ ಹಳೆ ಮನೆಯಾದರೆ ಗೋಡೆಯ ಬುಡದ ತೇವ, ಹೆಂಚಿನಡಿಯ ಪಕಾಸಿನ ಗೆದ್ದಲು, ಹಳೆಯ ವಯರಿಂಗ್ ಇವನ್ನು ಬಲ್ಲ ಮೇಸ್ತ್ರಿಯಿಂದ ನೋಡಿಸಿ. ಮಾರುವವರು ತಮಗೆ ಗೊತ್ತಿರುವ, ಕೊಳ್ಳುವವರ ಕಣ್ಣಿಗೆ ಬೀಳದ ದೊಡ್ಡ ದೋಷವನ್ನು ಹೇಳಲೇಬೇಕು. 1882ರ ಆಸ್ತಿ ವರ್ಗಾವಣೆ ಕಾಯ್ದೆಯೂ ಇದನ್ನೇ ಹೇಳುತ್ತದೆ. ಹೊಸ ಸುಣ್ಣ ಬಳಿದು ಬಿರುಕು ಮುಚ್ಚಿಡುವುದು ವ್ಯಾಪಾರದ ಜಾಣತನವಲ್ಲ, ಸುಳ್ಳು.

ಹಣದ ಲೆಕ್ಕ

ಕೇರಳದಲ್ಲಿ ಕ್ರಯಪತ್ರಕ್ಕೆ ಮುದ್ರಾಂಕ ಶುಲ್ಕ ಶೇಕಡಾ 8, ನೋಂದಣಿ ಶುಲ್ಕ ಶೇಕಡಾ 2. ಜಾಗಕ್ಕೆ ಸರಕಾರ ನಿಗದಿ ಮಾಡಿದ ನ್ಯಾಯಬೆಲೆಯನ್ನು ಬರೆದ ಬೆಲೆಯೊಂದಿಗೆ ಹೋಲಿಸಿ ಹೆಚ್ಚಿನದಕ್ಕೆ ಲೆಕ್ಕ ಹಾಕುತ್ತಾರೆ. 40 ಲಕ್ಷದ ಮನೆಗೆ 4 ಲಕ್ಷ ರೂಪಾಯಿ ಬೇರೆ ಎತ್ತಿಡಬೇಕು. ಇದನ್ನು ಸಾಮಾನ್ಯವಾಗಿ ಕೊಳ್ಳುವವರೇ ಕೊಡುತ್ತಾರೆ. ದಸ್ತಾವೇಜು ಬರೆಯುವವರ ಮತ್ತು ದಲ್ಲಾಳಿಯ ಹಣವನ್ನು ಮೊದಲೇ ಮಾತಾಡಿಕೊಳ್ಳಿ.

ಈ ಖರ್ಚು ಉಳಿಸಲು ಕಡಿಮೆ ಬೆಲೆ ಬರೆದು ಉಳಿದದ್ದನ್ನು ಕೈಯಲ್ಲಿ ಕೊಡುವ ಪದ್ಧತಿಯಿದೆ. ಮನಸ್ಸಾಕ್ಷಿಯ ಮಾತು ಹಾಗಿರಲಿ, ನಷ್ಟವೂ ನಮಗೇ. ವ್ಯವಹಾರ ಮುರಿದರೆ ಕೈಯಲ್ಲಿ ಕೊಟ್ಟ ಹಣಕ್ಕೆ ಸಾಕ್ಷಿಯಿಲ್ಲ. ಮುಂದೆ ನಾವು ಮಾರುವಾಗ ಬರೆದ ಬೆಲೆಗಿಂತ ಮೇಲಿನದ್ದೆಲ್ಲ ಲಾಭವೆಂದು ತೆರಿಗೆ ಬೀಳುತ್ತದೆ. 2015ರಿಂದ ಸ್ಥಿರಾಸ್ತಿಯ ವ್ಯವಹಾರದಲ್ಲಿ 20,000 ರೂಪಾಯಿ ಅಥವಾ ಹೆಚ್ಚನ್ನು ಮುಂಗಡವಾಗಿಯೂ ನಗದಾಗಿ ಪಡೆಯುವಂತಿಲ್ಲ. ಪಡೆದಷ್ಟೇ ದಂಡ ಬೀಳಬಹುದು. ಬ್ಯಾಂಕಿನ ಮೂಲಕವೇ ಕೊಡಿ, ಪಡೆಯಿರಿ. ಬೆಲೆ 50 ಲಕ್ಷ ಅಥವಾ ಮೇಲ್ಪಟ್ಟರೆ ಕೊಳ್ಳುವವರು ಶೇಕಡಾ 1 ತೆರಿಗೆ ಹಿಡಿದು ಸರಕಾರಕ್ಕೆ ಕಟ್ಟಬೇಕು. ಮಾರುವವರು ಅನಿವಾಸಿಯಾದರೆ ಲೆಕ್ಕವೇ ಬೇರೆ, ಹಿಡಿಯುವ ತೆರಿಗೆಯೂ ಹೆಚ್ಚು. ಲೆಕ್ಕಪರಿಶೋಧಕರನ್ನು ಮೊದಲೇ ಕಾಣಿರಿ.

ಹಿರಿಯರ ಮನೆ ಮಾರಿದ ಲಾಭಕ್ಕೂ ತೆರಿಗೆಯಿದೆ. 2001ರ ಏಪ್ರಿಲ್ 1ಕ್ಕಿಂತ ಹಿಂದಿನ ಆಸ್ತಿಯಾದರೆ ಆ ದಿನದ ಮಾರುಕಟ್ಟೆ ಬೆಲೆಯನ್ನು ಮೂಲ ಬೆಲೆಯಾಗಿ ತೋರಿಸಬಹುದು. ಮೌಲ್ಯಮಾಪಕರ ವರದಿ ಮಾಡಿಸಿಟ್ಟುಕೊಳ್ಳಿ. ಮನೆ ಮಾರಿದ ಲಾಭದಿಂದ ಎರಡು ವರ್ಷದೊಳಗೆ ಬೇರೆ ಮನೆ ಕೊಂಡರೆ ಅಥವಾ ಮೂರು ವರ್ಷದೊಳಗೆ ಕಟ್ಟಿದರೆ ವಿನಾಯಿತಿ ಉಂಟು.

ಕರಾರು, ಮುಕ್ತ್ಯಾರ್, ನೋಂದಣಿ

ಕರಾರು ಪತ್ರದಿಂದ ಒಡೆತನ ಬರುವುದಿಲ್ಲ. ನೋಂದಣಿಯಾದ ಕ್ರಯಪತ್ರದಿಂದ ಮಾತ್ರ ಬರುತ್ತದೆ. ಕರಾರಿನಲ್ಲಿ ಎಲ್ಲ ಹಕ್ಕುದಾರರ ಸಹಿ, ಅವಧಿ, ಸಾಲ ಯಾರು ತೀರಿಸಬೇಕು, ವ್ಯವಹಾರ ಮುರಿದರೆ ಮುಂಗಡದ ಗತಿಯೇನು ಎಂಬುದು ಸ್ಪಷ್ಟವಾಗಿರಲಿ.

ಹೊರದೇಶದಲ್ಲಿರುವವರು ಊರಿಗೆ ಬರಲಾಗದಿದ್ದರೆ ಮುಕ್ತ್ಯಾರ್‌ನಾಮೆ, ಅಂದರೆ ಪವರ್ ಆಫ್ ಅಟಾರ್ನಿ ಕೊಡಬಹುದು. ಅಲ್ಲಿನ ಭಾರತೀಯ ದೂತಾವಾಸದಲ್ಲಿ ಸಹಿ ದೃಢೀಕರಿಸಿ ಕಳುಹಿಸಿದ್ದನ್ನು ಇಲ್ಲಿ ತಲುಪಿದ ಮೂರು ತಿಂಗಳೊಳಗೆ ಮುದ್ರಾಂಕಕ್ಕೆ ಒಳಪಡಿಸಬೇಕು. ಯಾವ ಜಾಗ, ಯಾವ ಕೆಲಸ ಎಂದು ಮಿತಿ ಹಾಕಿ ಬರೆಯಿರಿ. ಕೊಟ್ಟವರು ತೀರಿಕೊಂಡರೆ ಸಾಮಾನ್ಯವಾಗಿ ಅದು ಅಲ್ಲಿಗೇ ಮುಗಿಯುತ್ತದೆ. ಬರಿಯ ಮುಕ್ತ್ಯಾರ್ ಪಡೆದು 'ಮನೆ ಕೊಂಡೆ' ಎನ್ನುವುದು ಕ್ರಯವಲ್ಲವೆಂದು ಸುಪ್ರೀಂ ಕೋರ್ಟು 2011ರಲ್ಲಿ ಸ್ಪಷ್ಟಪಡಿಸಿದೆ.

ಇಲ್ಲಿನ ದಸ್ತಾವೇಜುಗಳು ಹೆಚ್ಚಾಗಿ ಮಲಯಾಳದಲ್ಲಿರುತ್ತವೆ. ಮಾತಾಡಲು ಬಂದರೂ ಓದಲು ಬಾರದವರು ನಮ್ಮಲ್ಲಿ ಅನೇಕರು. ಕರಡನ್ನು ಎರಡು ದಿನ ಮೊದಲೇ ಮನೆಗೆ ತಂದು, ಮಲಯಾಳ ಕಲಿತ ಮಕ್ಕಳಿಂದಲೋ ವಕೀಲರಿಂದಲೋ ಸಾಲು ಸಾಲಾಗಿ ಓದಿಸಿ ಕನ್ನಡದಲ್ಲಿ ಕೇಳಿಕೊಳ್ಳಿ. ಸರ್ವೆ ನಂಬರು, ವಿಸ್ತೀರ್ಣ, ನಾಲ್ಕು ಗಡಿ, ಹೆಸರು ಇವನ್ನು ನೀವೇ ಬೆರಳಿಟ್ಟು ನೋಡಿ.

ನೋಂದಣಿಯಾದೊಡನೆ ಕೆಲಸ ಮುಗಿಯದು. ವಿಲ್ಲೇಜಿನಲ್ಲಿ 'ಪೋಕ್ಕುವರವು' ಮಾಡಿಸಿ ತೀರುವೆಯನ್ನು ಸ್ವಂತ ಹೆಸರಿಗೆ ತರಬೇಕು. ಪಂಚಾಯತಿನಲ್ಲಿ ಮನೆ ನಂಬರು, ಕರೆಂಟು, ನೀರು ಎಲ್ಲವೂ ಬದಲಾಗಬೇಕು. ತಲಪಾಡಿ ದಾಟಿ ಮಂಗಳೂರಿನಲ್ಲಿ ಮನೆ ಕೊಳ್ಳುವವರು ಅಲ್ಲಿನ ಕಾಗದಗಳು ಬೇರೆ ಎಂಬುದನ್ನು ಮರೆಯಬಾರದು. ಅಲ್ಲಿ ಕೇಳಬೇಕಾದದ್ದು ಆರ್‌ಟಿಸಿ, ಭೂಪರಿವರ್ತನೆ ಆದೇಶ, ಖಾತೆ. ಅದಕ್ಕೆ ಅಲ್ಲಿನ ವಕೀಲರೇ ಬೇಕು.

ತಾಯಿಯ ಸೂರು

ಕೊನೆಯದಾಗಿ ಹೇಳುವುದು ಎಲ್ಲಕ್ಕಿಂತ ಮುಖ್ಯ. ಮಕ್ಕಳ ಮೇಲಿನ ಪ್ರೀತಿಯಿಂದ, ಕೆಲವೊಮ್ಮೆ ಒತ್ತಾಯದಿಂದ, ಇದ್ದ ಒಂದು ಮನೆಯನ್ನು ಬರೆದುಕೊಟ್ಟು ಬರಿಗೈಯಾದ ತಂದೆ ತಾಯಂದಿರಿದ್ದಾರೆ. ಬದುಕಿರುವಾಗಲೇ ಬರೆದುಕೊಡುವುದಾದರೆ 'ನಮ್ಮ ಜೀವಮಾನವಿಡೀ ಈ ಮನೆಯಲ್ಲಿ ವಾಸದ ಹಕ್ಕು ನಮ್ಮದು, ನಮ್ಮ ಆರೈಕೆ ಪಡೆದವರ ಹೊಣೆ' ಎಂಬ ಷರತ್ತು ದಸ್ತಾವೇಜಿನಲ್ಲೇ ಇರಲಿ. ಷರತ್ತು ಇದ್ದು ಮಕ್ಕಳು ನೋಡಿಕೊಳ್ಳದಿದ್ದರೆ 2007ರ ಹಿರಿಯ ನಾಗರಿಕರ ಕಾಯ್ದೆಯಡಿ ಆ ವರ್ಗಾವಣೆಯನ್ನು ರದ್ದುಮಾಡಿಸಬಹುದು.

ಇಲ್ಲವೇ ಮರಣಶಾಸನ ಬರೆಯಿರಿ. ಮಲಯಾಳದವರು 'ಒಸ್ಯತ್ತ್' ಎನ್ನುವುದು ಇದನ್ನೇ. ಇಬ್ಬರು ಸಾಕ್ಷಿಗಳು ಸಾಕು. ಆಸ್ತಿ ಪಡೆಯುವವರು ಸಾಕ್ಷಿ ಹಾಕಬಾರದು, ಹಾಕಿದರೆ ಅವರಿಗೆ ಬರೆದದ್ದು ನಿಲ್ಲುವುದಿಲ್ಲ. ನೋಂದಣಿ ಕಡ್ಡಾಯವಲ್ಲ, ಮಾಡಿಸಿದರೆ ಒಳ್ಳೆಯದು. ಮದುವೆಗೆ ಮೊದಲು ಬರೆದದ್ದು ಮದುವೆಯಿಂದ ರದ್ದಾಗುತ್ತದೆ. ಅದನ್ನು ಹೊಸದಾಗಿ ಬರೆಯಬೇಕು. ಮರಣಶಾಸನ ಬರೆದರೆ ಸಾವು ಬೇಗ ಬರುತ್ತದೆಂಬ ಅಂಜಿಕೆ ಬೇಡ. ಮಾರುವ ಪ್ರಸಂಗ ಬಂದರೂ ತಾಯಿ ಎಲ್ಲಿರುತ್ತಾರೆ, ಅವರ ಪಾಲಿನ ಹಣ ಯಾರ ಹೆಸರಿನಲ್ಲಿರುತ್ತದೆ ಎಂಬುದು ಮೊದಲು ತೀರ್ಮಾನವಾಗಲಿ. ಕಾಯ್ದೆ ಕೊಟ್ಟ ಮೂರನೇ ಒಂದು ಪಾಲು ಅವರ ಖಾತೆಗೇ ಹೋಗಲಿ.

ಬೈಬಲಿನಲ್ಲೂ ಜಾಗ ಕೊಂಡವರಿದ್ದಾರೆ. ಸಾರಾಳ ಸಮಾಧಿಗಾಗಿ ಅಬ್ರಹಾಮನು ಮಕ್ಪೇಲದ ಹೊಲ ಕೊಂಡಾಗ ಒಡೆಯ ಅದನ್ನು ಪುಕ್ಕಟೆ ಕೊಡುತ್ತೇನೆಂದ. ಅಬ್ರಹಾಮ ಒಪ್ಪಲಿಲ್ಲ. ಊರ ಬಾಗಿಲಲ್ಲಿ, ಎಲ್ಲರ ಎದುರು, ಪೂರ್ತಿ 400 ಶೆಕೆಲ್ ಬೆಳ್ಳಿ ತೂಗಿ ಕೊಟ್ಟ. ಹೊಲ, ಗವಿ, ಗಡಿಯೊಳಗಿನ ಮರಗಳು ಎಲ್ಲವೂ ಆ ಕ್ರಯದಲ್ಲಿ ಹೆಸರು ಹೆಸರಾಗಿ ಸೇರಿದವು. ಪ್ರವಾದಿ ಯೆರೆಮೀಯನು ತನ್ನ ದಾಯಾದಿಯಿಂದ ಅನಾತೋತಿನ ಹೊಲವನ್ನು 17 ಶೆಕೆಲಿಗೆ ಕೊಂಡ. ಸಾಕ್ಷಿಗಳ ಮುಂದೆ ಪತ್ರಕ್ಕೆ ಸಹಿ ಹಾಕಿ, ಮುದ್ರೆಯೊತ್ತಿ, ಮುಚ್ಚಿದ ಪ್ರತಿ, ತೆರೆದ ಪ್ರತಿ ಎರಡನ್ನೂ ಬಹುಕಾಲ ಉಳಿಯಲೆಂದು ಮಣ್ಣಿನ ಗಡಿಗೆಯಲ್ಲಿ ಇಡಿಸಿದ. ವೈರಿಗಳು ಊರಿಗೆ ಮುತ್ತಿಗೆ ಹಾಕಿದ್ದ ಕಾಲವದು. ಆದರೂ ಆ ಮಣ್ಣಿನಲ್ಲಿ ಮತ್ತೆ ಮನೆಗಳು ಏಳುತ್ತವೆ ಎಂಬ ದೇವರ ಮಾತನ್ನು ಅವನು ನಂಬಿದ್ದ.

ನಮ್ಮ ಮನೆಯ ಕಾಗದಗಳು ಈಗ ಎಲ್ಲಿವೆ? ಯಾರ ಹೆಸರಿನಲ್ಲಿವೆ? ಬರುವ ಭಾನುವಾರ ಪೂಜೆ ಮುಗಿಸಿ ಬಂದು, ಮನೆಮಂದಿ ಒಟ್ಟಿಗೆ ಕುಳಿತು ಆ ಪೆಟ್ಟಿಗೆಯನ್ನು ಒಮ್ಮೆ ತೆರೆದು ನೋಡೋಣ. ಮಾರುವುದಿರಲಿ, ಇಲ್ಲದಿರಲಿ, ತಂದೆ ತಾಯಿ ಜೊತೆಗಿರುವಾಗಲೇ ಈ ಕೆಲಸ ಆಗಬೇಕು.